ಐದನೇ ಹಾಡಿಗೆ ಮುಂಚೆ

"ಇನ್ನೊಂದ್ಸಲ ಹಾಕಿ, ಟೇಪಕ್ಕ," ಅಂದರು ಡೆಂಟಿಸ್ಟು.

ಇದು ಹನ್ನೊಂದನೇ ಸಲ. ರೀಲನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಿ, ನಾಲ್ಕನೇ ಹಾಡಿನ ಬಾಲಕ್ಕೆ ತಂದು ಗುಂಡಿ ಒತ್ತಿದೆ. ಗಿಟಾರಿನ ಸದ್ದು ಕರಗಿತು. ಮೌನ. ಆ ಮೌನದೊಳಗೆ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ, ಒಂದು ಹೆಣ್ಣು ಧ್ವನಿ. ಹೆಚ್ಚೆಂದರೆ ಒಂದು ಸೆಕೆಂಡು. ಏನು ಹೇಳಿತು ಎಂದು ಯೋಚಿಸುವಷ್ಟರಲ್ಲಿ ಐದನೇ ಹಾಡಿನ ಡ್ರಮ್ಮು ಬಂದು ಅದರ ಮೇಲೆ ಕೂತುಬಿಟ್ಟಿತು.

"ಹುಡುಗಿ," ಅಂದರು ಅವರು, ಕಣ್ಣು ಮುಚ್ಚಿಕೊಂಡೇ. "ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಸ್ವಲ್ಪ ಹೆದರಿದಾಳೆ."

ಸರಿಯಾಗಿಯೇ ಹೇಳಿದರು. ಇಪ್ಪತ್ತೆರಡು. ಹೆದರಿಯೂ ಇದ್ದೆ.

ಎರಡು ವಾರದಿಂದ ಈ ಮನುಷ್ಯ ನನ್ನ ಕೈಯಲ್ಲಿ ನನ್ನನ್ನೇ ಹುಡುಕಿಸುತ್ತಿದ್ದರು. ನಾನು ಹುಡುಕುತ್ತಿರುವ ಹಾಗೆ ನಟಿಸುತ್ತಿದ್ದೆ.

'ಹತ್ತನೇ ಮಹಡಿ' ಬ್ಯಾಂಡಿನ ಹೆಸರು ಕೇಳದವರು ಈಗ ಕಡಿಮೆ. ಆದರೆ ಇಪ್ಪತ್ತೆಂಟು ವರ್ಷದ ಹಿಂದೆ ಅವರ ಮೊದಲ ಆಲ್ಬಮ್ 'ಲಿಫ್ಟ್ ಕೆಟ್ಟಿದೆ' ಬಂದಾಗ ಜನ ನಕ್ಕಿದ್ದರು. ಕೆಟ್ಟಿರುವುದು ಲಿಫ್ಟ್ ಒಂದೇ ಅಲ್ಲ ಎಂದು ಪತ್ರಿಕೆಯೊಂದು ಒಂದೇ ಸಾಲಿನ ವಿಮರ್ಶೆ ಬರೆದು ಕೈತೊಳೆದುಕೊಂಡಿತ್ತು. ಈಗ ಆರುನೂರು ಚಿಲ್ಲರೆ ಅಭಿಮಾನಿಗಳ ಗುಂಪೊಂದು ಅದೇ ಆಲ್ಬಮ್ಮನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದೆ. ಗುಂಪಿನ ಮುಂದಾಳು ಈ ಡೆಂಟಿಸ್ಟು. ಮುಚ್ಚಿಹೋದ ಸ್ಟುಡಿಯೋದ ಗೋದಾಮಿನಿಂದ ಮೂಲ ಟೇಪನ್ನು ಹುಡುಕಿ ತಂದವರೂ ಅವರೇ. ಹಳೇ ಟೇಪಿನ ಬೂಷ್ಟು ಬಿಡಿಸಿ ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕಸುಬು. ಆದ್ದರಿಂದ ಅದು ನನ್ನ ಬಾಗಿಲಿಗೇ ಬಂತು.

ನಾಳೆ ಬೆಳಗ್ಗೆ ಹತ್ತಕ್ಕೆ ಹೊಸ ಆವೃತ್ತಿಯ ಕವರು ಪ್ರೆಸ್ಸಿಗೆ ಹೋಗಬೇಕು. ಐದನೇ ಹಾಡು, 'ಮೆಟ್ಟಿಲು ಎಣಿಸಬೇಡ'. ಅದು ಇಲ್ಲದಿದ್ದರೆ ಈ ಆಲ್ಬಮ್ಮನ್ನು ಯಾರೂ ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಮಾತು ಮತ್ತು ರಾಗ ಯಾರದು ಎನ್ನುವ ಜಾಗದಲ್ಲಿ ಹಳೇ ಕವರಿನಲ್ಲಿ ಗಾಯಕನ ಹೆಸರಿದೆ. ಜನ ಗುಡುಗು ಎಂದು ಕರೆಯುವ ಗಾಯಕ.

ಆ ಹಾಡು ತನ್ನದು ಎಂದು ಇಪ್ಪತ್ತೆಂಟು ವರ್ಷದಿಂದ ಹೇಳುತ್ತ ಬಂದ ಇನ್ನೊಬ್ಬರಿದ್ದಾರೆ. ಆ ಒಂದೇ ಆಲ್ಬಮ್ಮಿನಲ್ಲಿ ಕೀಬೋರ್ಡ್ ನುಡಿಸಿ ಮರೆಯಾದ ಗುಬ್ಬಿ. ಅಭಿಮಾನಿಗಳು ಆಕೆಯನ್ನೂ ಹುಡುಕುತ್ತಿದ್ದಾರೆ. ಹಡಗಿನಲ್ಲಿ ನುಡಿಸುತ್ತಾಳೆ ಅಂತ ಕೆಲವರು, ಸತ್ತೇಹೋದಳು ಅಂತ ಕೆಲವರು.

ಗುಬ್ಬಿ ನನ್ನ ಅತ್ತಿಗೆ. ಈ ಕೋಣೆಯ ಕೆಳಗಿನ ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುತ್ತಾರೆ, ಜಿಪ್ಪು ಹಾಕುತ್ತಾರೆ, ಪರದೆಗಳಿಗೆ ಅಂಚು ಹೊಲಿಯುತ್ತಾರೆ. ಈಗಲೂ ನೆಲದಡಿಯಿಂದ ಅವರ ಮೆಷಿನ್ನಿನ ಸದ್ದು ಕೇಳುತ್ತಿತ್ತು.

"ಗುಂಪಿನಲ್ಲಿ ದೆವ್ವ ಅಂತಿದಾರೆ," ಅಂದರು ಡೆಂಟಿಸ್ಟು. "ಒಬ್ಬ ಅಂತೂ ಗುಡುಗುವಿನ ಅಜ್ಜಿ ಆತ್ಮ ಅಂತ ಮೂರು ಪುಟ ಬರೆದಿದಾನೆ. ಅಜ್ಜಿ ಇನ್ನೂ ಬದುಕಿದಾರಂತೆ, ಪಾಪ."

ನಾನು ನಕ್ಕೆ. ಅವರು ನಗಲಿಲ್ಲ.

"ನಾನು ಸ್ವಲ್ಪ ಓದ್ಕೊಂಡು ಬಂದೆ," ಅಂದರು. "ಟೇಪು ಸುತ್ತಿಟ್ಟಾಗ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟುತ್ತಂತೆ. ಹೌದಾ?"

"ಅಂಟುತ್ತೆ. ಒದ್ದೆ ಅಂಗಿಯನ್ನ ಪತ್ರಿಕೆ ಮೇಲೆ ಹರಡಿದ್ರೆ ಅಕ್ಷರ ಹತ್ತಿಕೊಳ್ಳಲ್ವಾ, ಹಾಗೆ."

"ಅಂದ್ರೆ ಅಂಟಿಸಿದ ಸದ್ದೊಂದು ಇಲ್ಲೇ ಪಕ್ಕದಲ್ಲಿ ಇರಬೇಕು. ಅದು ಇಲ್ಲ. ಪತ್ರಿಕೆ ಇಲ್ಲ, ಅಂಗಿ ಮೇಲೆ ಅಕ್ಷರ ಮಾತ್ರ ಇದೆ. ಯಾರೋ ಕತ್ತರಿಸಿ ತೆಗೆದಿದಾರೆ. ಇದನ್ನ ನೀವು ಎರಡು ವಾರದ ಹಿಂದೇ ಹೇಳ್ಬೋದಿತ್ತಲ್ಲ?"

"ಖಾತ್ರಿಯಾಗ್ಲಿ ಅಂತ ಇದ್ದೆ," ಅಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ತೆಳುವಾಗುತ್ತದೆ. ಇಷ್ಟು ವರ್ಷ ಧ್ವನಿಗಳ ಜೊತೆ ಬದುಕಿದವಳಿಗೆ ಅದು ಗೊತ್ತಾಗದೇ ಇರುತ್ತದೆಯೇ?

ಅವರು ಚೀಲದಿಂದ ಒಂದು ಕಂದು ಲಕೋಟೆ ತೆಗೆದರು. ಟೇಪಿನ ಪೆಟ್ಟಿಗೆಯೊಳಗೇ ಇದ್ದ ಲಕೋಟೆ.

ಆ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಹಾಡು ಶುರುವಾಗುವ ಮುಂಚೆ ಸಹಾಯಕಿ ಮೈಕಿನ ಮುಂದೆ ಹಾಡಿನ ಸಂಖ್ಯೆ, ಎಷ್ಟನೇ ಪ್ರಯತ್ನ, ಮಾತು ಯಾರದು, ರಾಗ ಯಾರದು ಎಂದು ಹೇಳಬೇಕು. ಕೊನೆಯ ಪ್ರತಿ ತಯಾರಾಗುವಾಗ ಯಜಮಾನರು ಆ ಘೋಷಣೆಗಳನ್ನು ಕತ್ತರಿಸಿ, ಎಸೆಯದೆ, ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಡುತ್ತಿದ್ದರು. ಮುಂದೆ ಜಗಳ ಬಂದರೆ ಸಾಕ್ಷಿಗಿರಲಿ ಎಂದು.

ಡೆಂಟಿಸ್ಟು ತುಂಡುಗಳನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಜೋಡಿಸಿದರು. ಕಿತ್ತ ಹಲ್ಲುಗಳನ್ನು ತಟ್ಟೆಯಲ್ಲಿಟ್ಟ ಹಾಗೆ.

"ಎಂಟು ಹಾಡು. ಏಳು ತುಂಡು. ಐದನೇದಿಲ್ಲ."

"ಕಳೆದುಹೋಗಿರ್ಬೋದು."

"ಒಸಡಿನಲ್ಲಿ ತೂತು ಕಂಡ್ರೆ ಹಲ್ಲು ಕಳೆದುಹೋಗಿದೆ ಅಂತ ನಾನು ಹೇಳಲ್ಲ, ಟೇಪಕ್ಕ. ಯಾರು ಕಿತ್ತರು ಅಂತ ಕೇಳ್ತೀನಿ."

ಹಲ್ಲು ನೋಡುವಾಗ ಹಾಕುವ ಕನ್ನಡಕವನ್ನು ಅವರು ಚೀಲದಿಂದ ತೆಗೆದು ಹಾಕಿಕೊಂಡರು. ಎರಡು ಪುಟ್ಟ ದುರ್ಬೀನುಗಳನ್ನು ಕಣ್ಣಿಗೆ ಅಂಟಿಸಿದ ಹಾಗಿರುತ್ತದೆ ಅದು. ಟೇಪಿನ ಮೇಲೆ ಬಗ್ಗಿದರು. ಅವರ ಬಿಳಿ ಕೋಟಿನಿಂದ ಲವಂಗದೆಣ್ಣೆಯ ವಾಸನೆ ಬಂತು. ಕೋಟಿನ ಕೆಳ ಅಂಚಿನಲ್ಲಿ ಹೊಸ ಹೊಲಿಗೆ. ಹೋದ ವಾರ ಇಲ್ಲಿಂದ ಇಳಿದು ಹೋಗುವಾಗ ಕೆಳಗಿನ ಅಂಗಡಿಯಲ್ಲಿ ಅದನ್ನು ಗಿಡ್ಡ ಮಾಡಿಸಿಕೊಂಡಿದ್ದರು. ತಾನು ಹುಡುಕುತ್ತಿರುವ ಗುಬ್ಬಿಯ ಕೈಗೇ ಕೋಟು ಕೊಟ್ಟು, ಥ್ಯಾಂಕ್ಸ್ ಆಂಟಿ ಎಂದು ಹೇಳಿ ಹೋಗಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಇವರೇ ಅವರು ಎಂದು ನನ್ನ ಬಾಯಿಂದ ಹೊರಡಲಿಲ್ಲ.

"ಬೇರೆ ಏಳು ಕಡೆ ಒಂದೇ ಥರದ ಕತ್ತರಿಕೆ," ಅಂದರು. "ಅಳತೆಪಟ್ಟಿ ಇಟ್ಟು ಬ್ಲೇಡಲ್ಲಿ ಕೊಯ್ದಿದಾರೆ. ಐದನೇದು ಮಾತ್ರ ಕತ್ತರಿಯಲ್ಲಿ, ಕೈಯಂದಾಜಲ್ಲಿ. ಓರೆ ಉಲ್ಟಾ ಇದೆ ನೋಡಿ. ನಾನು ಹಲ್ಲು ನೋಡಿ ಎಡಚರೋ ಬಲಚರೋ ಹೇಳ್ತೀನಿ. ಬ್ರಷ್ ಹಿಡಿಯೋ ಕೈ ಹಲ್ಲಿನ ಮೇಲೆ ಗುರುತು ಬಿಡುತ್ತೆ. ಇದು ಎಡಗೈ."

ನಾನು ಹಿಡಿದಿದ್ದ ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟೆ. ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ತೆಗೆದಾಗ ಮುಖ ಬಿಳಿಚಿಕೊಂಡಿತ್ತು.

"ಗುಡುಗು," ಅಂದರು. "ಅವರು ಗಿಟಾರ್ ಹಿಡಿಯೋದೇ ಎಡಗೈಲಿ. ಅಯ್ಯೋ. ನಮ್ಮ ಕ್ಲಿನಿಕ್ಕಲ್ಲಿ ಅವರ ಪೋಸ್ಟರ್ ಇದೆ ಟೇಪಕ್ಕ. ಕುರ್ಚಿ ಎದುರಿಗೇ. ಜನ ಅದನ್ನ ನೋಡ್ತಾ ಬಾಯಿ ತೆಗೀತಾರೆ."

ಫೋನು ತೆಗೆದು ಟೈಪು ಮಾಡತೊಡಗಿದರು. ಮಾಡುತ್ತ ಜೋರಾಗಿ ಓದಿಕೊಂಡರು. "ಮಿತ್ರರೇ, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ಐದನೇ ಹಾಡಿನ ಸಾಕ್ಷಿ ಕತ್ತರಿಸಿದ್ದು ಬೇರೆ ಯಾರೂ ಅಲ್ಲ..."

ಆಗ ನಾನು ಸುಮ್ಮನಿದ್ದೆ. ಇದನ್ನು ಬರೆಯುವುದಕ್ಕೂ ಮೈ ಹಿಡಿಯಾಗುತ್ತದೆ. ಅವರ ಹೆಬ್ಬೆರಳು ಒಂದೊಂದೇ ಅಕ್ಷರ ಒತ್ತುವುದನ್ನು ನೋಡುತ್ತ, ಕಳಿಸಲಿ, ಕಳಿಸಿಬಿಡಲಿ, ಮುಗಿದುಹೋಗಲಿ ಎಂದುಕೊಂಡೆ. ಗುಡುಗುವಿಗೆ ಹಣವಿದೆ, ಹೆಸರಿದೆ, ವಕೀಲರಿದ್ದಾರೆ. ಅತ್ತಿಗೆಯ ಹೆಸರು ಕವರಿಗೆ ಬರುತ್ತದೆ. ನನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಎಷ್ಟು ಚೊಕ್ಕವಾಗಿತ್ತು!

ಆದರೆ ಆ ತುಂಡು ಕತ್ತರಿಸಿದ ಮಧ್ಯಾಹ್ನ ಗುಡುಗು ಸ್ಟುಡಿಯೋದಲ್ಲೇ ಇರಲಿಲ್ಲ. ಕವರಿನಲ್ಲಿ ತನ್ನ ಹೆಸರು ಕಂಡಾಗ ಯಾಕೆ ಎಂದು ಕೇಳಲಿಲ್ಲ, ಅಷ್ಟೇ ಅವನ ತಪ್ಪು.

ಕೆಳಗೆ ಮೆಷಿನ್ನು ನಿಂತು ಮತ್ತೆ ಶುರುವಾಯಿತು.

"ಕಳಿಸ್ಬೇಡಿ ಡಾಕ್ಟ್ರೇ."

"ಯಾಕೆ?"

ತೊಡೆಯಡಿಯಿಂದ ಎಡಗೈ ತೆಗೆದು ಮೇಜಿನ ಮೇಲಿಟ್ಟೆ. ಪೆನ್ಸಿಲು ಎತ್ತಿಕೊಂಡೆ. ಟೇಪಿನ ಪೆಟ್ಟಿಗೆಯ ಮೇಲೆ ಹಳೇ ಶಾಯಿಯಲ್ಲಿದ್ದ 'ಲಿಫ್ಟ್ ಕೆಟ್ಟಿದೆ' ಎನ್ನುವ ಬರಹದ ಕೆಳಗೆ ಅದನ್ನೇ ಇನ್ನೊಮ್ಮೆ ಬರೆದೆ. ಎರಡೂ ಒಂದೇ ಕೈಬರಹ. ಹಿಂದಕ್ಕೆ ವಾಲಿದ ಅದೇ ಅಕ್ಷರ.

ಅವರು ಬಹಳ ಹೊತ್ತು ಎರಡು ಸಾಲುಗಳನ್ನೂ ನೋಡಿದರು.

"ಆ ಹುಡುಗಿ," ಅಂದರು ಕೊನೆಗೆ.

"ನಾನೇ."

"ಹದಿನಾಲ್ಕು ದಿನ." ಅವರ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹದಿನಾಲ್ಕು ದಿನ ಇದೇ ಕುರ್ಚೀಲಿ ಕೂತು ನೀವು ಕೊಟ್ಟ ಕಾಫಿ ಕುಡಿದೆ. ಆ ಹುಡುಗಿ ಎಲ್ಲಿರ್ಬೋದು ಅಂತ ನಿಮ್ಮನ್ನೇ ಕೇಳಿದೆ. ಮದುವೆಯಾಗಿ ಎಲ್ಲೋ ಹೋಗಿರ್ಬೇಕು ಅಂದ್ರಿ."

"ಅಂದೆ."

"ಮದುವೆ ಆಗಿದೀರಾ?"

"ಇಲ್ಲ."

"ಅದೂ ಸುಳ್ಳು," ಅಂದರು. ನಗು ಬರಬೇಕಾದ ಜಾಗದಲ್ಲಿ ಅವರ ತುಟಿ ಮಾತ್ರ ಅಲುಗಿತು.

ಹೇಳಿದೆ. ಬೇರೆ ದಾರಿ ಇರಲಿಲ್ಲ. ನಾನು ಆಗ ಮೂರು ತಿಂಗಳ ಪರೀಕ್ಷೆಯ ಮೇಲೆ ಕೆಲಸಕ್ಕಿದ್ದೆ. ಇಬ್ಬರ ಹೆಸರಿದ್ದರೆ ಜನಕ್ಕೆ ಗೊಂದಲ, ಗಾಯಕನ ಹೆಸರೊಂದೇ ಇರಲಿ ಎಂದು ಯಜಮಾನರು ಕರೆದು ಹೇಳಿದರು. ಉಳಿದ ಏಳು ಘೋಷಣೆಗಳನ್ನು ಅವರೇ ತಮ್ಮ ಬ್ಲೇಡಿನಿಂದ ಕೊಯ್ದಿದ್ದರು. ಐದನೆಯದರ ಹತ್ತಿರ ಬಂದು ಬ್ಲೇಡನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. "ಇದೊಂದು ನಿನ್ನ ಕೈಯಲ್ಲೇ ಆಗ್ಲಿ. ಆಮೇಲೆ ಸುಟ್ಟುಬಿಡು. ಒಂದನೇ ತಾರೀಕಿಂದ ನಿನ್ನ ಕೆಲಸ ಕಾಯಂ." ತಮ್ಮ ಕೈಗೆ ಹತ್ತಬಾರದೆಂದು ಅವರಿಗಿತ್ತು. ನಾನು ಹಿತ್ತಾಳೆಯ ಕತ್ತರಿ ತೆಗೆದುಕೊಂಡೆ.

"ಗುಬ್ಬಿ ಏನೂ ಕೇಳ್ಲಿಲ್ವಾ?"

"ಕೇಳಿದ್ಲು." ಆಗ ನಾವು ಹೋಗೇ ಬಾರೇ ಎನ್ನುವ ಗೆಳತಿಯರು. "ಎಲ್ಲರ ಎದುರಿಗೆ ಕೇಳಿದ್ಲು. ನೀನೇ ಮೈಕಲ್ಲಿ ನನ್ನ ಹೆಸರು ಹೇಳಿದ್ಯಲ್ಲ, ಹೇಳೇ ಅಂದ್ಲು. ನಂಗೆ ನೆನಪಿಲ್ಲ ಅಂದೆ."

ಆ ಮಾತು ಈ ಕೋಣೆಯಲ್ಲಿ ಮತ್ತೊಮ್ಮೆ ಕೇಳಿಸಿತು. ಎಷ್ಟು ಸಣ್ಣ ಮಾತು.

ನನ್ನನ್ನು ಕರೆದೊಯ್ಯಲು ಸ್ಟುಡಿಯೋಗೆ ಬರುತ್ತಿದ್ದ ಅಣ್ಣ ಆರು ತಿಂಗಳ ಮೇಲೆ ಅವಳನ್ನೇ ಮದುವೆಯಾದ. ಅತ್ತಿಗೆಗೆ ಏಕವಚನ ಬೇಡ ಎಂದು ಅಮ್ಮ ಹೇಳಿದರು. ನಾನು ನೀವು ಎನ್ನತೊಡಗಿದೆ. ಆ ನೀವು ನನಗೆ ಅನುಕೂಲವೇ ಆಯಿತು, ಅದರ ಹಿಂದೆ ಅವಿತುಕೊಳ್ಳಬಹುದಿತ್ತು. ಆ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ಅತ್ತಿಗೆ, "ಇದು ನಾನು ಬರೆದದ್ದು," ಎನ್ನುವರು. ಅಣ್ಣ ತಟ್ಟೆ ಬಡಿದು ನಗುವನು. "ಬಂದ್ರು ನಮ್ಮನೆ ಸ್ಟಾರು! ಹಸ್ತಾಕ್ಷರ ಕೊಡಿ ಮೇಡಂ, ಕರೆಂಟ್ ಬಿಲ್ಲಿನ ಮೇಲೆ!" ಬಂದ ನೆಂಟರೂ ನಗುವರು. ನಾನು ಅನ್ನ ಕಲಸುತ್ತ ತಲೆ ತಗ್ಗಿಸಿ ಕೂತಿರುವೆ. ಎರಡು ಸಲ, ಲೆಕ್ಕವಿಟ್ಟಿದ್ದೇನೆ, ನಾನೂ ನಕ್ಕಿದ್ದೇನೆ.

ಮನೆಯ ಈ ಕತೆಯನ್ನು ಡೆಂಟಿಸ್ಟಿಗೆ ಹೇಳಲಿಲ್ಲ. ಗುಬ್ಬಿ ಎಲ್ಲಿದ್ದಾರೆ ಎನ್ನುವುದನ್ನೂ ಹೇಳಲಿಲ್ಲ. ಅರ್ಧ ಹೇಳಿದವಳಿಗೆ ಪೂರ್ತಿ ಹೇಳಿದಷ್ಟೇ ದಣಿವಾಗಿತ್ತು.

"ನಾನು ಆ ಆಲ್ಬಮ್ಮನ್ನ ಹದಿನೈದು ವರ್ಷದೋನಿದ್ದಾಗ ರಿಯಾಯಿತಿ ರಾಶಿಯಿಂದ ತಗೊಂಡಿದ್ದೆ," ಅಂದರು ಅವರು, ಕಿಟಕಿಯ ಕಡೆ ನೋಡುತ್ತ. "ಒಂದೇ ಸಲ ಕೇಳಿ ನಕ್ಕು, ಕವರನ್ನ ಬಿಸಿ ಪಾತ್ರೆ ಇಡೋಕೆ ಬಳಸಿದೆ. ಈಗಲೂ ಅದರ ಮೇಲೆ ಪಾತ್ರೆಯ ಗುರುತಿದೆ. ಗುಂಪಲ್ಲಿ ಎಲ್ಲರದ್ದೂ ಇಂಥದೇ ಕತೆ. ಅದಕ್ಕೇ ಇಷ್ಟು ಒದ್ದಾಡ್ತಿದೀವಿ ನಾವು. ನಮ್ಮದು ಕಿವುಡುತನ ಟೇಪಕ್ಕ. ನಿಮ್ಮದನ್ನ ಏನಂತ ಕರೀಲಿ?"

ಎದ್ದು, ಸೊಂಟದ ಬೀಗದ ಕೈಯಿಂದ ಬೀರು ತೆರೆದು, ಮೇಲಿನ ಖಾನೆಗೆ ಕೈಹಾಕಿದೆ. ಹಳೇ ತಂತಿಗಳ ಹಿಂದೆ, ಗಂಟಲು ನೋವಿನ ಮಾತ್ರೆಯ ಒಂದು ದುಂಡನೆಯ ತಗಡಿನ ಡಬ್ಬಿ.

"ಸುಡಲಿಲ್ಲ," ಅಂದೆ.

ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಎಂಟು ಸೆಕೆಂಡಿದೆ. ಕೊನೇಲಿ ಅವಳ ಹೆಸರಿದೆ. ನಾನೇ ಹೇಳಿದ್ದು. ಇದನ್ನ ಹಾಕಿದ್ರೆ ನಾಳೆ ಯಾರೂ ಒಂದು ಮಾತು ಆಡೋ ಹಾಗಿಲ್ಲ."

ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ನಾನು ಆ ಡಬ್ಬಿ ತೆರೆದಿರಲಿಲ್ಲ. ಮುಚ್ಚಳ ತುಕ್ಕು ಹಿಡಿದು ಕೂತಿರುತ್ತದೆ ಎಂದುಕೊಂಡಿದ್ದೆ. ಹೆಬ್ಬೆರಳು ತಾಗಿದ್ದೇ ತಡ, ಸಲೀಸಾಗಿ ಬಂತು.

ಆಗಲೇ ನನಗೆ ಹೊಳೆಯಬೇಕಿತ್ತು.

ಒಳಗೆ ಸುರುಳಿ ಇತ್ತು. ಅದರ ಎರಡು ತುದಿಗೂ ಸದ್ದಿಲ್ಲದ ಬಿಳಿ ಪಟ್ಟಿ ಅಂಟಿಸಿ, ಖಾಲಿ ರೀಲಿಗೆ ಸುತ್ತಿ, ಮೆಷಿನ್ನಿಗೆ ಏರಿಸಿದೆ. ಗುಂಡಿಯನ್ನು ಡೆಂಟಿಸ್ಟೇ ಒತ್ತಿದರು.

ಹುಡುಗಿಯೊಬ್ಬಳು ಉಸಿರು ಎಳೆದುಕೊಂಡಳು.

"ಹಾಡು ಐದು. ಮೆಟ್ಟಿಲು ಎಣಿಸಬೇಡ. ಎರಡನೇ ಪ್ರಯತ್ನ. ಮಾತು ಮತ್ತು ರಾಗ..."

ಟಕ್.

ಅಷ್ಟೇ. ಬಿಳಿ ಪಟ್ಟಿ ಸರಸರನೆ ಓಡಿತು.

"ಹೆಸರೆಲ್ಲಿ?" ಅಂದರು ಡೆಂಟಿಸ್ಟು.

ನಾನು ಇನ್ನೊಮ್ಮೆ ಹಾಕಿದೆ. ಟಕ್. ಮತ್ತೊಮ್ಮೆ. ಟಕ್. ಆ ಸದ್ದೇ ನನ್ನ ಕಿವಿಗೆ ಚುಚ್ಚಿತು. ಉಕ್ಕಿನ ಕತ್ತರಿಗೆ ಅಯಸ್ಕಾಂತದ ಗುಣ ಹತ್ತಿರುತ್ತದೆ, ಟೇಪಿನ ಮೇಲೆ ಹೀಗೆ ಟಕ್ ಎಂದು ಕಲೆ ಬಿಡುತ್ತದೆ. ಅದಕ್ಕೇ ನಮ್ಮ ಕಸುಬಿನವರು ಹಿತ್ತಾಳೆಯದನ್ನೇ ಹಿಡಿಯುವುದು. ಟೇಪಿನ ಕೆಲಸ ಗೊತ್ತಿಲ್ಲದ ಕೈಯೊಂದು ಈ ಡಬ್ಬಿಯನ್ನು ತೆರೆದಿತ್ತು. ಇದರಿಂದ ಒಂದು ಹೆಸರಿನಷ್ಟನ್ನು, ಅಷ್ಟನ್ನೇ, ಕತ್ತರಿಸಿಕೊಂಡು ಹೋಗಿತ್ತು.

ಡೆಂಟಿಸ್ಟು ದುರ್ಬೀನಿನ ಕನ್ನಡಕ ಹಾಕಿಕೊಂಡು ಆ ತುದಿಯನ್ನು ದೀಪಕ್ಕೆ ಹಿಡಿದರು.

"ಇದೇನಿದು? ಇದಕ್ಕೆ ಹಲ್ಲಿದೆ."

"ಹಲ್ಲು?"

"ಗರಗಸದ ಥರ. ಸಣ್ಣ ಸಣ್ಣ ಮೊನೆ, ಮೇಲೆ ಕೆಳಗೆ. ಎಷ್ಟು ಸಮ ಇದೆ ಅಂದ್ರೆ, ಹೀಗೆ ಕತ್ತರಿಸೋ ಕತ್ತರಿ ಇರುತ್ತಾ?"

ಇರುತ್ತದೆ. ಬಟ್ಟೆಯ ಅಂಚಿನ ನೂಲು ಬಿಚ್ಚದಿರಲಿ ಎಂದು ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿ. ಟೇಪ್ ಮೆಷಿನ್ನಿಗೆ ದೂಳು ಕೂರದಂತೆ ಮುಚ್ಚುವ ನೀಲಿ ಬಟ್ಟೆ ಪಕ್ಕದ ಕುರ್ಚಿಯ ಮೇಲೆ ಬಿದ್ದಿತ್ತು. ಎಷ್ಟೋ ವರ್ಷದ ಹಿಂದೆ ಅದನ್ನು ಹೊಲಿದು ತಂದು ಕೊಟ್ಟವರು ಅತ್ತಿಗೆ. ಅದರ ಒಳ ಅಂಚಿನ ಸುತ್ತಲೂ ಸಣ್ಣ ಸಣ್ಣ ಮೊನೆಗಳು, ಮೇಲೆ ಕೆಳಗೆ, ಮೇಲೆ ಕೆಳಗೆ.

ಡೆಂಟಿಸ್ಟು ನನ್ನ ನೋಟದ ಹಿಂದೆ ಹೋದರು. ಬಟ್ಟೆ ನೋಡಿದರು, ಟೇಪು ನೋಡಿದರು. ಆಮೇಲೆ ಮೆಲ್ಲಗೆ ಬಗ್ಗಿ ತಮ್ಮ ಕೋಟಿನ ಕೆಳ ಅಂಚನ್ನು ಮಗುಚಿ ನೋಡಿದರು.

"ಕೆಳಗಿನ ಅಂಗಡಿ ಆಂಟಿ," ಅಂದರು. "ಟೇಪಕ್ಕ, ಅವರು ಯಾರು?"

ಮತ್ತೆ ಒಂದು ಸುಳ್ಳಿಗೆ ಜಾಗವಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಗುಬ್ಬಿ," ಅಂದೆ. "ನಮ್ಮ ಅತ್ತಿಗೆ."

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಆಗ ನಮಗಿಬ್ಬರಿಗೂ ಒಟ್ಟಿಗೇ ಗಮನಕ್ಕೆ ಬಂತು. ಕೆಳಗೆ ಮೆಷಿನ್ನಿನ ಸದ್ದು ಇರಲಿಲ್ಲ. ಯಾವಾಗ ನಿಂತಿತೋ.

ಬಾಗಿಲು ತೆರೆದೇ ಇತ್ತು. ಅತ್ತಿಗೆ ಹೊಸ್ತಿಲಲ್ಲಿ ನಿಂತಿದ್ದರು. ಕತ್ತಿನಲ್ಲಿ ಅಳತೆಪಟ್ಟಿ, ತುಟಿಯ ಸಂದಿಯಲ್ಲಿ ಎರಡು ಗುಂಡುಪಿನ್ನು. ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡರು.

"ನೆಲದ ಹಲಗೆ ತೆಳು ಕಣೇ," ಅಂದರು. "ನಿನ್ನ ಧ್ವನಿ ಮೂರು ಸಲ ಕೇಳಿಸ್ತು. ಎಲ್ಲೀ ತನಕ ಇತ್ತು?"

"ನಿಮ್ಮ ಹೆಸರಿನ ತನಕ."

"ಹೂಂ. ಅಷ್ಟೇ ಬಿಟ್ಟಿದ್ದೆ."

"ಅತ್ತಿಗೆ, ಯಾವಾಗ..."

"ಹನ್ನೆರಡು ವರ್ಷ ಆಯ್ತು."

ಹನ್ನೆರಡು ವರ್ಷ. ಅಷ್ಟು ವರ್ಷ ಇವರು ನನ್ನ ತಟ್ಟೆಗೆ ಬಡಿಸಿದ್ದಾರೆ. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡಿದ್ದಾರೆ. ಅಣ್ಣ ನಗುವಾಗಲೆಲ್ಲ ನನ್ನ ಮುಖವನ್ನು ಒಂದು ಕ್ಷಣ ನೋಡುತ್ತಿದ್ದರು. ಅದು ಇವರ ಅಭ್ಯಾಸ ಎಂದುಕೊಂಡಿದ್ದೆ. ಇವರು ಕಾಯುತ್ತಿದ್ದರು.

"ಅಮ್ಮಾ," ಅಂದರು ಡೆಂಟಿಸ್ಟು. ಆರುನೂರು ಜನರ ಮುಂದಾಳು ಕೈಮುಗಿದು ನಿಂತಿದ್ದರು. "ಆ ತುಂಡು ನಿಮ್ಮ ಹತ್ರ ಇದ್ಯಾ? ನಾಳೆ ಹತ್ತು ಗಂಟೆ ಒಳಗೆ ಸಿಕ್ಕಿದ್ರೆ ಸಾಕು. ನಿಮ್ಮ ಹೆಸರು..."

"ನನ್ನ ಹೆಸರು ನನ್ನ ಹತ್ರ ಭದ್ರವಾಗಿದೆ, ಡಾಕ್ಟ್ರೇ. ಕೋಟು ಸರಿಯಾಗಿ ಕೂತಿದ್ಯಲ್ಲ?" ಅವರು ನನ್ನ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಇವಳು ಒಂದು ಪ್ರಶ್ನೆ ಕೇಳೋದನ್ನ ಮರೆತಳು. ಈ ಬೀರು ಬೀಗದ ಕೈ ಇವಳ ಸೊಂಟದಲ್ಲೇ ಇರುತ್ತೆ. ನಾನು ಒಂದು ದಿನವೂ ಮುಟ್ಟಿದೋಳಲ್ಲ. ಡಬ್ಬೀನ ನನ್ನ ಕೈಗೆ ತಂದು ಕೊಟ್ಟಿದ್ದು ಯಾರು ಅಂತ ಕೇಳಲ್ವೇನೇ?"

ನನ್ನ ಕೈ ತಾನಾಗಿಯೇ ಸೊಂಟದ ಬೀಗದ ಕೈಗೆ ಹೋಯಿತು. ಇನ್ನೊಂದು ಇರುವುದು ಮನೆಯಲ್ಲಿ, 'ಯಾವುದಕ್ಕೂ ಇರಲಿ' ಎಂದು ಎಲ್ಲ ಬೀಗದ ಕೈಗಳ ಜೋಡಿಯನ್ನೂ ಇಟ್ಟುಕೊಳ್ಳುವವನ ಗೊಂಚಲಿನಲ್ಲಿ.

ಅತ್ತಿಗೆ ಸ್ವಲ್ಪ ಪಕ್ಕಕ್ಕೆ ಸರಿದರು.

ಅವರ ಹಿಂದೆ, ಕೊನೆಯ ಮೆಟ್ಟಿಲ ಮೇಲೆ, ಬೀಗದ ಕೈಗಳ ಆ ಗೊಂಚಲು ಹಿಡಿದು ಅಣ್ಣ ನಿಂತಿದ್ದ. ನನಗೆ ಬುದ್ಧಿ ಬಂದಾಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.